ಡೆನ್ವರನ ಕೈಯಲ್ಲಿದ್ದದ್ದು

ನವೆಂಬರ್ ೬, ೨೦೧೯, ಬುಧವಾರ. ನಾಳೆ ನ್ಯಾಯಾಧೀಶರೆದುರು ನುಡಿಯಬೇಕಾದುದನ್ನು ತಪ್ಪಿಲ್ಲದೆ ಬರೆದಿಡಲು ಕುಳಿತಿದ್ದೇನೆ.

ನನ್ನ ಅಣ್ಣ ಡೆನ್ವರ್, ಪೆಟ್ರೋಲ್ ಬಂಕಿನ ಹಿಂದೆ, ಚಕ್ರ ಬಿಚ್ಚುವ ಕಬ್ಬಿಣದ ಸರಳಿನಿಂದ ಲಾನಿ ಕೂಂಬ್ಸನ ದವಡೆ ಒಡೆದ. ಎರಡನೆಯ ಏಟಿಗೇ ಲಾನಿ ನೆಲಕ್ಕುರುಳಿದ್ದ; ಮೂರನೆಯದು ಬಿದ್ದವನ ಮೇಲೆ. ಒಂದು ಹಲ್ಲು ನನ್ನ ಬೂಟಿಗೆ ಬಂದು ತಗುಲಿತು. ಸರಳು ಹೊಳೆಯ ಪಾಲಾಯಿತು. ಲಾನಿಗೆ ಏನೂ ನೆನಪಿಲ್ಲ. ಕಂಡವಳು ನಾನೊಬ್ಬಳೇ.

ಸರಳೆಂದರೆ ಘೋರ ಅಪರಾಧ: ರಾಜ್ಯದ ಸೆರೆಮನೆ, ಐದರಿಂದ ಹತ್ತು ವರ್ಷ; ಹೊರಬಂದ ಮೇಲೂ ಸಾಯುವವರೆಗೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬರಿಗೈ ಎಂದರೆ ಲಘು ಅಪರಾಧ: ಕೌಂಟಿ ಜೈಲಿನಲ್ಲಿ ಹೆಚ್ಚೆಂದರೆ ಹನ್ನೆರಡು ತಿಂಗಳು.

ಊಟಕ್ಕೆ ಕುಳಿತಾಗ ಅಮ್ಮ ಅಂಗಲಾಚಿದಳು: “ಬರಿಗೈ ಅಂದ್ಬಿಡೇ, ನಿನ್ನ ದಮ್ಮಯ್ಯ. ಜೀವಮಾನ ಪೂರ್ತಿ ಬಂದೂಕು ಮುಟ್ಟಬಾರದು ಅಂದ್ರೆ ಅವನು ಜಿಂಕೆಗೆ ಕಲ್ಲು ಹೊಡೀಬೇಕಾ?”

ಜಾಮೀನಿನ ಮೇಲೆ ಬಂದಿರುವ ಡೆನ್ವರ್ ನಕ್ಕ. “ಬಿಡಮ್ಮ, ಕಾಲೇಜಿಗೇ ಮೊದಲು ಬಂದೋಳು. ಒಂದು ಸುಳ್ಳು ಬಾಯಿಪಾಠ ಮಾಡಕ್ಕಾಗಲ್ವಾ?” ಹೀಗೆನ್ನುತ್ತಲೇ ಮೇಜಿನಡಿ ನನ್ನ ಬಲಗೈಯನ್ನು ಮೂಳೆ ಲಟಕ್ಕೆನ್ನುವಂತೆ ತಿರುಚಿದ.

ಈ ಅಕ್ಷರಗಳು ಎಡಗೈಯವು. ಬಾಲ್ಯದಲ್ಲಿ ನನ್ನನ್ನು ಅಳಿಸಿದವರನ್ನೆಲ್ಲ ಬಡಿದು ಬರುತ್ತಿದ್ದವನು ಇವನೇ. ಆಗ ನಾನು ಹೆಮ್ಮೆಯಿಂದ ಬೀಗುತ್ತಿದ್ದೆ. ಆ ಹೆಮ್ಮೆ ಈಗ ವಾಂತಿಯಂತೆ—

ಸಾಕು. ನಾನು ಬರಿಗೈ ಎಂದು ಹೇಳುವುದಿಲ್ಲ.