ಮೊದಲು ಸಿಕ್ಕ ಪುಟ

ಬೈಲಹೊಂಗಲ
೧೫ ನವೆಂಬರ್ ೨೦೦೪

ಪ್ರೀತಿಯ ಪದ್ಮಕ್ಕನಿಗೆ,

ನಿನ್ನ ತಂಗಿ ಅನ್ನಪೂರ್ಣಾಳ ನಮಸ್ಕಾರಗಳು. ನಿನ್ನ ಪತ್ರ ಬಂದು ಬಹಳ ದಿನಗಳಾದವು. ‘ಕೂಸು ಪೂರಾ ಆರಾಮ ಆಗ್ಯಾಳ, ನೀ ಚಿಂತಿ ಮಾಡಬ್ಯಾಡ’ ಎಂದು ಮಗಳು ಶಿವಾನಿಯ ಬಗ್ಗೆ ಬರೆದಿದ್ದೀ. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಮುಂದಕ್ಕೆ ಹೋಗಲಿಲ್ಲ. ದೀಪಾವಳಿಗೆ ಮನೋಳಿಯ ನಿಮ್ಮ ಮನೆಗೆ ಬರುತ್ತೇನೆಂದು ಹೇಳಿಯೂ ಬರಲಿಲ್ಲ. ಕಾಲೇಜಿನಲ್ಲಿ ಕೆಲಸವಿದೆ ಎಂದು ಅವ್ವನಿಗೆ ಹೇಳಿದ್ದು ಸುಳ್ಳು. ಗ್ರಂಥಾಲಯಕ್ಕೆ ರಜೆ ಇತ್ತು. ನಾನು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ತಡವಾಗಿದ್ದಕ್ಕೆ ಕ್ಷಮಿಸು.

ಇಲ್ಲಿ ನನ್ನ ತರಬೇತಿ ಮುಗಿಯುತ್ತ ಬಂತು. ಗ್ರಂಥಾಲಯ ವಿಜ್ಞಾನ ಓದಿ ಕಪಾಟಿಗೆ ಪುಸ್ತಕ ಜೋಡಿಸುವುದೇನು ಎಂದು ನಿನ್ನ ಯಜಮಾನರು ಕಲ್ಮೇಶ ಮಾವ ನಗುತ್ತಿದ್ದರಲ್ಲ, ಇಲ್ಲಿ ಬಂದ ಮೇಲೆ ನಾನು ಪುಸ್ತಕ ಮುಟ್ಟಿದ್ದೇ ಕಡಿಮೆ. ಹಳೆಯ ಕಾರ್ಡುಗಳಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆವು. ಒಂದು ಮೂಲೆಯ ಕಂಪ್ಯೂಟರಿಗೆ ಫೋನಿನ ತಂತಿಯಿಂದ ಇಂಟರ್ನೆಟ್ ಬರುತ್ತದೆ. ಕೂಡುವಾಗ ಅದು ಕಿರುಗುಟ್ಟಿ ಚೀರಾಡುತ್ತದೆ, ಆಮೇಲೆ ಸುಮ್ಮನಾಗಿ ಲೋಕವನ್ನೇ ತೆರೆದಿಡುತ್ತದೆ. ನಮ್ಮ ಗ್ರಂಥಪಾಲಕರು ಗೌರೀಶ ಸರ್, ಹೇಗೆ ಹುಡುಕಬೇಕು, ಯಾವ ಪದಕ್ಕೆ ಯಾವ ಪದ ಜೋಡಿಸಬೇಕು ಎಂದು ತೋರಿಸಿಕೊಟ್ಟರು. ನಾನು ಬೇಗ ಕಲಿತೆ. ವಯಸ್ಸಾದ ಪ್ರಾಧ್ಯಾಪಕರೂ ಬಂದು, “ಮೇಡಂ, ಈ ವಿಷಯದ ಮ್ಯಾಲ ಏನರ ಸಿಗತೈತೇನ ನೋಡ್ರಿ” ಎಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಮೇಡಂ! ರಾಮದುರ್ಗದ ನಮ್ಮ ಓಣಿಯಲ್ಲಿ ನನ್ನನ್ನು ಹಾಗೆ ಕರೆದವರು ಯಾರು? ಏನು ಕೇಳಿದರೂ ತಂದುಕೊಡುತ್ತೇನೆ ಎಂಬ ಸೊಕ್ಕು ಬಂದಿತ್ತು ಅಕ್ಕಾ.

ಅದೇ ಹೊತ್ತಿಗೆ ನಿನ್ನ ಫೋನು ಬಂತು. “ಗುಳಗಿ ತಗೊಂಡಾಗಿಂದ ಮೂರ್ಛಿ ಬಂದಿಲ್ಲ ಖರೆ. ಆದ್ರ ಶಿವಾನಿ ಸಾಲ್ಯಾಗ ಕುಂತಲ್ಲೇ ತೂಕಡಿಸತಾಳಂತ. ಆ ಗುಳಗಿ ಬುದ್ಧಿ ಮಂದ ಮಾಡತಾವೇನ, ನಿನ್ನ ಕಂಪ್ಯೂಟರಿನ್ಯಾಗ ನೋಡವಾ” ಎಂದೆ.

ನಾನು ನೋಡಿದೆ. ಮೊದಲು ಸಿಕ್ಕ ಪುಟದಲ್ಲೇ ನಾವು ಬಯಸಿದ ಉತ್ತರವಿತ್ತು. ಆ ಗುಳಿಗೆಗಳು ಮಕ್ಕಳಿಗೆ ವಿಷ, ಅವನ್ನು ಬಿಟ್ಟು ಪಥ್ಯ ಮಾಡಿದರೆ ಮೂರ್ಛೆ ತಾನೇ ಹೋಗುತ್ತದೆ ಎಂದು ಬರೆದಿತ್ತು. ಬಿಳಿ ಕೋಟು ಹಾಕಿದವನೊಬ್ಬನ ಫೋಟೋ ಇತ್ತು. ನಾನು ಮೊದಲ ಹಾಳೆಯನ್ನಷ್ಟೇ ಅಚ್ಚು ತೆಗೆದು, ಸಾಲು ಸಾಲು ಕನ್ನಡ ಮಾಡಿಕೊಂಡು ಭಾನುವಾರ ಮನೋಳಿಗೆ ಬಂದೆ. ನಿಮ್ಮ ಅಡುಗೆಮನೆಯಲ್ಲಿ ನಿನ್ನ ಮುಂದೆ ಓದಿದೆ. ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇದು ಖರೇನs ಏನ?” ಎಂದು ಕೇಳಿದೆ.

“ಪರದೇಶದ ಡಾಕ್ಟರ್ ಬರದಾನಕ್ಕಾ. ಸುಳ್ಳು ಯಾಕ ಬರೀತಾನ?” ಎಂದೆ.

ನಿನ್ನ ಕಣ್ಣಲ್ಲಿ ನೀರು ಬಂತು. ಸಂತೋಷದ್ದು. ಆ ಸಂತೋಷ ಕೊಟ್ಟವಳು ನಾನು ಎಂದು ಹಿಗ್ಗಿ ಬಸ್ಸು ಹತ್ತಿದೆ.

ಮುಂದಿನದು ನಿನಗೇ ಗೊತ್ತು. ಸಾಲೆಯಿಂದ ಬರುವಾಗ ದಾರಿಯಲ್ಲೇ ಶಿವಾನಿ ಬಿದ್ದಳು, ಸೆಳೆತ ನಿಲ್ಲಲೇ ಇಲ್ಲ. ಸವದತ್ತಿಯಲ್ಲಿ ಆಗದೆ ಧಾರವಾಡದ ದವಾಖಾನೆಗೆ ಒಯ್ದಿರಿ. ನಾನು ಓಡಿ ಬಂದಾಗ ಅವಳ ಮೂಗಿನಲ್ಲಿ ನಳಿಕೆ ಇತ್ತು. ಡಾಕ್ಟರು ಸಿಟ್ಟಿನಿಂದ, “ಗುಳಗಿ ಒಮ್ಮೆಲೆ ಬಿಡಿಸಬಾರದು ಅಂತ ಎಷ್ಟು ಸಲ ಹೇಳೇವಿ? ಯಾರು ಬಿಡಿಸಿದ್ರಿ?” ಎಂದು ಕೇಳಿದರು.

ನಿನ್ನ ಅತ್ತೆ ಗುರವ್ವನವರು, “ನಾ ಅಂತೂ ಅಲ್ರಿ” ಎಂದರು. ಕಲ್ಮೇಶ ಮಾವ ನಿನ್ನ ಮುಖ ನೋಡಿದರು.

ನೀನು ನನ್ನ ಕಡೆ ತಿರುಗಿಯೂ ನೋಡದೆ, “ನಾನs ಬಿಡಿಸಿದೆ. ಯಾರೂ ಹೇಳಿಲ್ಲ” ಎಂದುಬಿಟ್ಟೆ.

“ಹೆತ್ತಾಕಿ ಹೌದಲ್ಲ ನೀ?” ಎಂದರು ಮಾವ. ಕೂಗಾಡಲಿಲ್ಲ, ಮೆಲ್ಲಗೆ ಕೇಳಿದರು. ನೀನು ಸೆರಗು ಬಾಯಿಗೆ ಒತ್ತಿಕೊಂಡೆ. ನಾನು ಥರ್ಮಾಸು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆಗ ಬಾಯಿ ತೆರೆಯಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಎಲ್ಲರಿಗೂ ಚಹಾ ಬಗ್ಗಿಸಿ ಕೊಟ್ಟೆ.

ತಿರುಗಿ ಬಂದ ಮೇಲೆ ಆ ಪುಟವನ್ನು ಮತ್ತೆ ತೆಗೆದೆ. ಈ ಸಲ ಕೆಳಗಿನ ತನಕ ಓದಿದೆ. ಬರೆದವನ ಹೆಸರಿಲ್ಲ, ಎಲ್ಲಿ ಕಲಿತವನೋ ತಿಳಿಯದು. ಕೊನೆಗೆ ಎಣ್ಣೆಯ ಬಾಟಲಿಗಳ ಜಾಹೀರಾತು. ಎಣ್ಣೆ ಮಾರಲಿಕ್ಕೆ ಅಷ್ಟೆಲ್ಲ ಬರೆದಿದ್ದ. ಹುಡುಕುವುದನ್ನು ಕಲಿತಿದ್ದೆ, ಸಿಕ್ಕಿದ್ದನ್ನು ತೂಗಿ ನೋಡುವುದನ್ನು ಕಲಿತಿರಲಿಲ್ಲ. ಕಲಿಯುವ ಮೊದಲೇ ನಿನ್ನ ಮಗಳ ಮೇಲೆ ಪ್ರಯೋಗ ಮಾಡಿದೆ.

ಗೌರೀಶ ಸರ್ ಮುಂದೆ ಎಲ್ಲ ಹೇಳಿ, ಓದು ಬಿಡುತ್ತೇನೆ ಎಂದೆ. ಅವರು ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂಡಿಸಿದರು. ಆಮೇಲೆ, “ನೀವು ಬಿಟ್ರ ಆ ಕೂಸಿಗೆ ಏನ ಆಕ್ಕೈತ್ರಿ? ನಿಮ್ಮಕ್ಕ ಮನ್ಯಾಗ ನಿಮ್ಮ ತಪ್ಪಿಗೆ ಮಾತು ಕೇಳಾಕ ಹತ್ಯಾಳಲ್ಲ, ಮದಲ ಅದನ್ನ ನಿಲ್ಲಸ್ರಿ” ಎಂದರು.

ಅದಕ್ಕೇ ಬರುವ ಭಾನುವಾರ ಬರುತ್ತೇನೆ. ಮಾವನ ಎದುರು, ಗುರವ್ವನವರ ಎದುರು ನಾನೇ ಹೇಳುತ್ತೇನೆ. ನೀನು ಅಡ್ಡ ಬರಬೇಡ. ಸಣ್ಣವಳೆಂದು ನನ್ನನ್ನು ಸೆರಗಿನ ಹಿಂದೆ ಮರೆ ಮಾಡಿದ್ದು ಸಾಕು. ಮಾವ ಹೊರಗೆ ಹೋಗು ಎಂದರೆ ಹೋಗುತ್ತೇನೆ. ಡಾಕ್ಟರು ಕೊಟ್ಟ ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡ. ನಿದ್ದೆ ಬಂದರೆ ಬರಲಿ, ಡಾಕ್ಟರನ್ನೇ ಕೇಳು, ನನ್ನನ್ನಲ್ಲ.

ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ಶಿವಾನಿಯ ನೆತ್ತಿಗೆ ಕೈಯಿಟ್ಟು, ಚಿಕ್ಕವ್ವ ಹರಸಿದ್ದಾಳೆ ಎಂದು ಹೇಳು. ದೇವರು ನನ್ನ ಆಯುಷ್ಯವನ್ನೂ ಅವಳಿಗೇ ಹಾಕಲಿ.

ನಿನ್ನ ತಂಗಿ,
ಅನ್ನಪೂರ್ಣಾ

ತಾ. ಕ.: ಹಬ್ಬದ ದಿನ ಬೂತಿನಿಂದ ಫೋನು ಮಾಡಿದ್ದೆನಲ್ಲ, ನೀನು ರಿಸೀವರನ್ನು ಶಿವಾನಿಯ ಕೈಗೆ ಕೊಟ್ಟೆ. ಅವಳು “ಚಿ... ಚಿ...” ಎಂದಳು. ಮತ್ತೆ “ಚಿ...” ಎಂದು ನಿಂತುಬಿಟ್ಟಳು. ಉಸಿರು ಮಾತ್ರ ಕೇಳುತ್ತಿತ್ತು. ನೀನು ಅವಸರದಿಂದ ಫೋನು ಕಸಿದುಕೊಂಡು, “ನಾಚ್ಕೋತಾಳ ನೋಡವಾ” ಎಂದು ನಕ್ಕೆ. ಅಕ್ಕಾ, ಅವಳು ನಾಚಿಕೊಳ್ಳಲಿಲ್ಲ. ಚಿಕ್ಕವ್ವ ಎನ್ನಲು ಅವಳಿಗೆ ಮಾತು ಸಿಗಲಿಲ್ಲ. ಎಂದಿನಿಂದ ಹೀಗೆ?