ಸೋತಿಲ್ಲ, ದಣದೇನಿ

ಇಳಕಲ್, ಶುಕ್ರವಾರ

ಜಯಕ್ಕನಿಗೆ ತಂಗಿ ಗಿರಿಜಾಳ ನಮಸ್ಕಾರ.

ನಮ್ಮ ಮನೆಯವರ ಮಣ್ಣಿಗೆ ಬಂದು ನಿನ್ನೂರು ಕೆರೂರಿಗೆ ಹೊರಟಾಗ, "ನಾನು ಕೊಟ್ಟಿದ್ದ ಕಾದಂಬರಿಯನ್ನು ಅವರಿಗೆ ಓದಿ ಹೇಳಿದೆಯಾ?" ಎಂದು ನೀನು ಕೇಳಿದೆ. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ.

ಓದಿದೆ ಅಕ್ಕಾ. ಬಾಗಲಕೋಟೆಯ ದವಾಖಾನೆಯಲ್ಲಿ ಡಯಾಲಿಸಿಸ್ ನಡೆಯುವಾಗಲೆಲ್ಲ ಪಕ್ಕದಲ್ಲಿ ಕೂತು ಓದುತ್ತಿದ್ದೆ. ಕಾಲು ಕಳೆದುಕೊಂಡವನು ಗುಡ್ಡ ಏರುವ ಕಥೆ. ಮನಸ್ಸು ಗಟ್ಟಿ ಇದ್ದವರು ಸೋಲುವುದಿಲ್ಲ ಎಂಬ ಮಾತು ಬಂದರೆ ದನಿ ಏರಿಸುತ್ತಿದ್ದೆ. ಅವರೂ ನಗುತ್ತಾ, "ನಾನೂ ಏರತೇನಿ ನೋಡು" ಎನ್ನುತ್ತಿದ್ದರು. ಎಷ್ಟೋ ವಾರ ಆ ಪುಸ್ತಕವೇ ಅವರನ್ನು ಎಬ್ಬಿಸಿ ಕೂರಿಸಿತು. ಅದರ ಮೇಲೆ ನನಗೆ ಸಿಟ್ಟಿಲ್ಲ.

ಕೊನೆಯ ಸಲ ಹೋದಾಗ ಅವರು ಹಾಳೆಯ ಮೇಲೆ ಕೈ ಇಟ್ಟರು. "ಸಾಕ್ ಮಾಡು ಗಿರಿಜಾ. ನಾ ಸೋತಿಲ್ಲ, ದಣದೇನಿ. ನಮ್ಮ ಮನಿ ಸುದ್ದಿ ಏನರೆ ಹೇಳು."

ಪುಸ್ತಕ ಮುಚ್ಚಿದೆ. ಮಗ್ಗದ ಮೇಲಿನ ಸೀರೆಗೆ ಸೆರಗಿನ ಕೆಂಪು ಎಷ್ಟು ಚಂದ ಬಂದಿದೆ ಎಂದು ಹೇಳಿದೆ. ಎಮ್ಮೆ ಗೂಟ ಕಿತ್ತುಕೊಂಡು ಓಣಿಯೆಲ್ಲ ಓಡಾಡಿದ್ದನ್ನು ಹೇಳಿದೆ. ಕಣ್ಣು ಮುಚ್ಚಿಯೇ ನಕ್ಕರು. ಮರುದಿನ ನಸುಕಿನಲ್ಲಿ ಹೋಗಿಬಿಟ್ಟರು.

ಈಗ ಬಂದವರೆಲ್ಲ, "ಧೈರ್ಯ ತಗೋಬೇಕವ್ವ" ಎನ್ನುತ್ತಾರೆ. ಹೂಂ ಅನ್ನುತ್ತೇನೆ. ನನಗೂ ದಣಿವಾಗಿದೆ ಅಕ್ಕಾ.

ಭಾನುವಾರ ನೀನು ಕಲಿಸುವ ಸಾಲಿಗೆ ಸೂಟಿ ಇರುತ್ತದಲ್ಲ, ಬಂದುಹೋಗು. ಧೈರ್ಯ ಹೇಳಬೇಡ. ನಿಮ್ಮ ಮನೆ ಸುದ್ದಿ, ಓಣಿ ಸುದ್ದಿ ಹೇಳು. ಕೈ ಇನ್ನೂ ಇಬ್ಬರಿಗಾಗುವಷ್ಟೇ ರೊಟ್ಟಿ ಬಡಿಯುತ್ತಿದೆ. ನನ್ನ ಎದುರಿಗೆ ಕೂತು ಉಣ್ಣು.

ದಾರಿ ನೋಡುತ್ತಿರುವ,
ಗಿರಿಜಾ