ಸದ್ದಿಲ್ಲದ ಕೀಲಿಮಣೆ ಆರಿಸಿಕೊಟ್ಟವಳಿಗೆ

ಒಂಬತ್ತು ವರ್ಷ ನನ್ನ ಬಾಯಿಯಾಗಿದ್ದ ಸೌಮ್ಯಶ್ರೀಗೆ, ಅಷ್ಟೇ ಕಾಲ ನಿನ್ನ ಕೈಯಾಗಿದ್ದ ಲತಕ್ಕ ಬರೆಯುವುದು.

ಕ್ಷೇಮ ಸಮಾಚಾರವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕೈ ಗುಣವಾಗಿದೆ. ಬಲ ಮಣಿಕಟ್ಟಿನ ಊತ ಇಳಿದಿದೆ, ಹೆಬ್ಬೆರಳ ಬುಡದ ಉರಿ ಹೋಗಿದೆ. ನೀನು ಆರಿಸಿಕೊಟ್ಟ ಕೀಲಿಮಣೆ ಬಹಳ ನಿಯತ್ತಿನದು. ಅದೇ ಮಾತನ್ನು ಆರಿಸಿಕೊಟ್ಟವಳ ಬಗ್ಗೆ ಹೇಳಲಾಗದ್ದಕ್ಕೇ ಈ ಪತ್ರ.

ಕುಂದಾಪುರದ ನೋಂದಣಿ ಕಚೇರಿಯ ಹತ್ತಿರದ ಮಹಡಿಯಲ್ಲಿ ನಾವು ಟೈಪಿಂಗ್ ಅಂಗಡಿ ತೆರೆದಾಗ ನಿನ್ನ ಹೆಸರಿನ ಬಾಲದ ಶ್ರೀಯನ್ನೂ ನನ್ನ ಹೆಸರಿನ ತಲೆಯ ಶ್ರೀಯನ್ನೂ ಜೋಡಿಸಿ 'ಶ್ರೀಶ್ರೀ ಡಿಟಿಪಿ' ಎಂದು ಬೋರ್ಡು ಬರೆಸಿದ್ದೆವು. ಮೊದಲ ವಾರ ಬಂದ ಅಜ್ಜಯ್ಯನೊಬ್ಬ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದು, "ಸ್ವಾಮಿಗಳ್ ಒಳಗ್ ಇದ್ರಾ?" ಎಂದು ಕೇಳಿದ್ದ. ನೀನು ನಗದೆ, "ಪೂಜೆಗೆ ಕೂಕಂಡಿರ್, ನಿಮ್ ಕಾಗ್ದ ಕೊಡಿ" ಎಂದು ಅವನ ಕ್ರಯಪತ್ರದ ಕರಡನ್ನು ಇಸಿದುಕೊಂಡಿದ್ದೆ. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ನಗದೆ ಸುಳ್ಳು ಹೇಳುವ ವಿದ್ಯೆ ನಿನಗೆ ಅಂದೇ ಒಲಿದಿತ್ತು. ಚಪ್ಪಾಳೆ ತಟ್ಟಿದವಳು ನಾನೇ.

ನಮ್ಮ ಕೆಲಸದ ಕ್ರಮ ನಮ್ಮಿಬ್ಬರಿಗಲ್ಲದೆ ಬೇರೆಯವರಿಗೆ ಅರ್ಥವಾಗುತ್ತಿರಲಿಲ್ಲ. ವಕೀಲರ ಕೈಬರಹ ಓದುವುದು ನೀನು, ಟೈಪು ಮಾಡುವುದು ನಾನು. ನೀನು ಕಾಗದದಿಂದ ಕಣ್ಣೆತ್ತುತ್ತಿರಲಿಲ್ಲ, ನಾನು ಪರದೆಯಿಂದ ಕಣ್ಣಿಳಿಸುತ್ತಿರಲಿಲ್ಲ. ನಡುವೆ ಇದ್ದದ್ದು ನನ್ನ ಹಳೆಯ ಕೀಲಿಮಣೆಯ ಟಕಟಕ. ಅದು ಓಡುತ್ತಿದ್ದರೆ ನೀನು ಕಾಯುತ್ತಿದ್ದೆ, ನಿಂತರೆ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದೆ. ನಾನು ತಪ್ಪು ಹೊಡೆದು ಅಳಿಸುವ ಸದ್ದು ಕೂಡ ನಿನಗೆ ಗೊತ್ತಿತ್ತು. "ಲತಕ್ಕ, ಸರ್ವೆ ನಂಬ್ರ ಮತ್ ಓದ್ಲಾ?" ಎಂದು ತಲೆ ಎತ್ತದೆಯೇ ಕೇಳುತ್ತಿದ್ದೆ. ಮರವಂತೆಯ ಜಾಗದ ಚಕ್ಕುಬಂದಿಯಲ್ಲಿ 'ಪಶ್ಚಿಮಕ್ಕೆ ಸಮುದ್ರ' ಎಂದು ಬಂದಾಗಲೆಲ್ಲ, "ಈ ನೆರೆಮನೆಯವ ಸೈನ್ ಹಾಕುದಿಲ್ಲೆ, ಒತ್ತುವರಿ ಮಾತ್ರ ಮಾಡ್ತ" ಎನ್ನುತ್ತಿದ್ದೆ. ಒಮ್ಮೆ ನಗುವಿನ ಭರದಲ್ಲಿ ನಾನು ಅದನ್ನೂ ಟೈಪು ಮಾಡಿಬಿಟ್ಟಿದ್ದೆ.

ಕಳೆದ ವರ್ಷ ಕೈ ಹಿಡಿದುಕೊಂಡಿತು. ಮದುವೆಯ ಮಂಟಪದ ಕೈ ಹಿಡಿಯುವುದಾದರೆ ಸಹಿಸಬಹುದಿತ್ತು. ಇದು ಮಣಿಕಟ್ಟನ್ನೇ ಹಿಡಿದು ಬಿಡಲೊಲ್ಲದ ಕಾಟ. ಡಾಕ್ಟರು ನನ್ನ ಕೂತ ಭಂಗಿಯ ಫೋಟೋ ನೋಡಿ, ಕೀಲಿಮಣೆ ಎತ್ತರ ಹೆಚ್ಚಾಯಿತು, ಮಣಿಕಟ್ಟು ಮೇಲಕ್ಕೆ ಬಾಗುತ್ತಿದೆ, ತಗ್ಗಿನದು ತನ್ನಿ ಎಂದರು. ಆ ದಿನ ಮಧ್ಯಾಹ್ನ ಅಂಗಡಿಯಲ್ಲಿ ನಿನ್ನೊಬ್ಬಳಿಗೇ ನಾನು ಹೇಳಿಕೊಂಡಿದ್ದೆ, ನೆನಪಿದೆಯಾ? ಮನೆಯವರಿಗೂ ಹೇಳದ ಮಾತು. ಟೈಪಿಂಗ್ ಬಿಟ್ಟರೆ ನನಗೆ ಬೇರೇನೂ ಬಾರದು, ಈ ಕೈ ಹೋದರೆ ನಾನೇ ಹೋದ ಹಾಗೆ ಎಂದಿದ್ದೆ. ನೀನು ನನ್ನ ಬೆರಳುಗಳನ್ನು ನಿನ್ನ ಮಡಿಲಲ್ಲಿ ಇಟ್ಟುಕೊಂಡು ನೀವಿದ್ದೆ.

ಆಮೇಲೆ ಶುರುವಾಯಿತು ನಮ್ಮ ವಧುಪರೀಕ್ಷೆ. ಮೂರು ಭಾನುವಾರ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆವು, ಕಂಪ್ಯೂಟರ್ ರಿಪೇರಿಯ ಸುಜನನ ಅಂಗಡಿಗೆ. ಅವನು ಮೆಕ್ಯಾನಿಕಲ್ ಕೀಲಿಮಣೆಗಳನ್ನು ಸಾಲಾಗಿ ಇಟ್ಟ. ಎಲ್ಲವೂ ಲೋ ಪ್ರೊಫೈಲ್ ಎಂಬ ತಗ್ಗಿನ ಜಾತಿಯವು, ಮಣೆ ಎಂಬ ಹೆಸರಿಗೆ ತಕ್ಕಂತೆ ನೆಲ ಹಿಡಿದು ಕೂತವು. ಮಣಿಕಟ್ಟನ್ನು ಎತ್ತಬೇಕಿಲ್ಲ, ಅರ್ಧ ಒತ್ತಿದರೆ ಅಕ್ಷರ ಬೀಳುತ್ತದೆ. ಕೀಲಿಗಳ ಅಡಿಯಲ್ಲಿ ನೀಲಿ ಸ್ವಿಚ್ಚು ಇದ್ದದ್ದು ಪ್ರತಿ ಅಕ್ಷರಕ್ಕೂ ಚಟ್ ಎನ್ನುತ್ತಿತ್ತು. ಕಂದು ಬಣ್ಣದ್ದು ಬೆರಳಿಗೊಂದು ಸಣ್ಣ ಗಂಟು ತಾಗಿಸಿ 'ಆಯಿತು' ಎಂದು ತಿಳಿಸುತ್ತಿತ್ತು. ಕೆಂಪಿನದು ಬೆಣ್ಣೆ. ಕೊನೆಯದು ಕೆಂಪಿನಲ್ಲೇ ಸದ್ದಡಗಿಸಿದ್ದು, ಒತ್ತಿದವಳಿಗೇ ಒತ್ತಿದ್ದು ಕೇಳದು. ನನ್ನ ಮನಸ್ಸು ಕಂದು ಬಣ್ಣಕ್ಕೆ ಹೋಗಿತ್ತು. ಅದರ ಗಂಟಿನಲ್ಲಿ ಒಂದು ಭರವಸೆ ಇತ್ತು. ಸದ್ದೂ ಮಿತವಾಗಿ ಇತ್ತು. ನೀನು ಪಟ್ಟು ಹಿಡಿದೆ. "ಬೇಡ ಲತಕ್ಕ, ಆ ಗಂಟ್ ದಿನಕ್ ಸಾವಿರ ಸಲ ನಿಮ್ ಬೆರಳಿಗ್ ಬಡಿತ್. ಸದ್ದಿಲ್ದದ್ದೇ ಸೈ" ಎಂದೆ. ನಂಬರುಗಳ ಭಾಗವಿಲ್ಲದ ಚಿಕ್ಕದನ್ನು ಸುಜನ ತೋರಿಸಿದಾಗ, "ಸರ್ವೆ ನಂಬ್ರ ಹೊಡುಕೆ ನಿನ್ನ್ ಕರಿಕಾ?" ಎಂದು ನೀನೇ ಗದರಿಸಿ ದೊಡ್ಡದನ್ನು ತೆಗೆಸಿದೆ. ನನ್ನ ಕೈಯ ಬಗ್ಗೆ ನನಗಿಂತ ಹೆಚ್ಚು ಕಾಳಜಿ ಇರುವವಳೊಬ್ಬಳಿದ್ದಾಳೆ ಎಂದು ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಗಾಳಿಗೆ ಧೂಳು ಬಿತ್ತು ಎಂದು ನಿನಗೆ ಹೇಳಿದೆ. ಸುಳ್ಳು ನಾನೂ ಹೇಳಿದ್ದೇನೆ ಎಂಬುದಕ್ಕೆ ಇದೊಂದು ಇರಲಿ.

ಹೊಸದು ಬಂದ ಮೇಲೆ ತೊಡಕಾದದ್ದು ನಿನ್ನ ಓದಿಗೆ. ಸದ್ದೇ ಇಲ್ಲದ ಮೇಲೆ ನಾನೆಲ್ಲಿದ್ದೇನೆಂದು ನಿನಗೆ ತಿಳಿಯುವುದು ಹೇಗೆ? ಆಗ ನೀನು, "ಅಡ್ಡಿಲ್ಲೆ, ನಿಮ್ ಮುಖ ಕಂಡ್ಕಂಡ್ ಓದ್ತೆ" ಎಂದೆ. ಒಂಬತ್ತು ವರ್ಷದಲ್ಲಿ ಮೊದಲ ಬಾರಿ ನಾವು ಮುಖ ನೋಡಿಕೊಂಡು ಕೆಲಸ ಮಾಡಿದೆವು. ನೀನು ಮೊದಲಿಗಿಂತ ಬಿಡಿಬಿಡಿಯಾಗಿ ಓದತೊಡಗಿದೆ. ನನ್ನ ಕೈಗೆ ಆತುರವಾಗದಿರಲೆಂದು ಎಂದುಕೊಂಡೆ. ಫ್ಯಾನಿನ ಗಾಳಿಗೆ ಕರಡು ಹಾರದಂತೆ ನೀನು ನಿನ್ನ ಫೋನನ್ನು ಅದರ ಮೇಲೆ ಭಾರಕ್ಕೆ ಇಡುತ್ತಿದ್ದೆ. ಎಂಥ ಭಾರ ಇಟ್ಟಿದ್ದೆ ಎಂದು ಈಗ ತಿಳಿಯುತ್ತಿದೆ.

ದೀಪಾವಳಿ ಕಳೆದು, ಅತ್ತೆಗೆ ಹುಷಾರಿಲ್ಲ, ಎರಡು ತಿಂಗಳು ಬೈಂದೂರಿನಲ್ಲೇ ಇರುತ್ತೇನೆ ಎಂದು ನೀನು ಹೋದೆ. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ ನಾನು. ನಿನ್ನ ಅತ್ತೆಯ ಹೆಸರಿನಲ್ಲಿ ಕೊಲ್ಲೂರಿನಲ್ಲಿ ಕುಂಕುಮಾರ್ಚನೆಯನ್ನೂ ಮಾಡಿಸಿದೆ. ಆರೋಗ್ಯವಾಗಿಯೇ ಇದ್ದವರಿಗೆ ಇನ್ನಷ್ಟು ಆರೋಗ್ಯ ಬಂದಿರಬೇಕು.

ಮೂರು ವಾರದ ಹಿಂದೆ ಬಿಜೂರಿನ ಕುಷ್ಟಣ್ಣ ಬಂದರು. ಅವರ ವಿಭಾಗಪತ್ರದ ಕರಡನ್ನು ನೀನು ಓದಿ ನಾನು ಟೈಪು ಮಾಡಿದ್ದು ದೀಪಾವಳಿಗೆ ಮುಂಚೆ. ಅಣ್ಣತಮ್ಮಂದಿರ ಜಗಳದಲ್ಲಿ ಅದು ಹಾಗೇ ನಿಂತಿತ್ತು. ಈಗ ರಾಜಿಯಾಗಿದೆಯಂತೆ. "ಸೌಮ್ಯಮ್ಮ ಬೈಂದೂರಗೆ ಅಂಗ್ಡಿ ಹಾಕಿರಲೆ, ಮಾತಾಡಿರೆ ಫೋನೇ ಬರೀತ್. ನಮ್ ಕಾಗ್ದ ಅವ್ರತ್ರ ರೆಡಿ ಇದ್ದಿತ್, ಹತ್ ನಿಮಿಷದಗೆ ತೆಗ್ದ್ ಕೊಟ್ರ್" ಎಂದರು. ನಾನು ಕಾಗದಕ್ಕೆ ಕೈ ಚಾಚಿದೆ. ಅವರು ನಾಲ್ಕನೆಯ ಪುಟ ತೆರೆದು ಬೆರಳಿಟ್ಟರು. "ಆದ್ರೆ ಹ್ವಾಯ್ ಶ್ರೀಲತಮ್ಮ, ನಮ್ ಗದ್ದಿ ಬಡಗ್ ಬದಿಯಗೆ ಇದ್ ಯಾರ್ ಲೋಟ ಮಾರ್ರೆ?"

ಓದಿದೆ. ಉತ್ತರಕ್ಕೆ ತೋಡು, ಅದರಾಚೆ ಅಮ್ಮಣ್ಣಿಯವರ ತೋಟ ಎಂಬ ಎರಡು ಮಾತುಗಳ ನಡುವೆ, ಕಪ್ಪು ಶಾಯಿಯಲ್ಲಿ, ಸ್ಪಷ್ಟವಾಗಿ ಇತ್ತು: 'ಮನೆಯಲ್ ಹೇಳ್ಬೇಡ ಮಾರಾಯ್ತಿ ಇವತ್ ಚಾ ಲೋಟ ಹಿಡುಕೂ ಆಯಿಲ್ಲೆ ನಂಗೆ.'

ನನ್ನದೇ ಮಾತು. ನನ್ನ ಬಾಯಿಂದ ನಿನ್ನ ಕಿವಿಗೆಂದು ಹೊರಟದ್ದು, ಬಿಜೂರಿನ ಗದ್ದೆಯ ಗಡಿಯಲ್ಲಿ ಬಂದು ನಿಂತಿತ್ತು. ಆಗ ಒಂದೊಂದೇ ಹೊಳೆಯಿತು. ಸದ್ದಿಲ್ಲದ್ದೇ ಯಾಕೆ ಬೇಕಿತ್ತು, ಬಿಡಿಬಿಡಿಯಾಗಿ ಯಾಕೆ ಓದಿದೆ. ಕರಡಿನ ಮೇಲೆ ಕೂತ ಫೋನು ನಾವಾಡಿದ್ದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿತ್ತು. ನನ್ನ ಟಕಟಕ ನಿನ್ನ ಫೋನಿನ ಕಿವಿಗೆ ಅಡ್ಡ ಬರುತ್ತಿತ್ತು, ಅಷ್ಟೇ. ನನ್ನ ಕೈ ಉಳಿಸಿದ ಹಾಗೆ ಮಾಡಿ ನನಗೇ ಕೈ ಕೊಟ್ಟೆ. ಕುಷ್ಟಣ್ಣನಿಗೆ, "ಅದ್ ನನ್ ಲೋಟ, ಪಾಲಿಗೆ ಇಲ್ಲೆ" ಎಂದು ಹೇಳಿ ಆ ಸಾಲನ್ನು ಹೊಡೆದು ಹಾಕಿ ಕಳಿಸಿದೆ. ಅವರು ನಕ್ಕರು. ನಾನೂ ನಕ್ಕೆ. ಅವರು ಮೆಟ್ಟಿಲಿಳಿದ ಮೇಲೆ ಬಾಗಿಲು ಹಾಕಿಕೊಂಡೆ.

ಸಿಟ್ಟಿನಲ್ಲಿ ಹಳೆಯ ಕೀಲಿಮಣೆಯನ್ನು ಅಟ್ಟದಿಂದ ಇಳಿಸಿ ಎರಡು ದಿನ ಬಡಿದೆ. ಮೂರನೆಯ ದಿನ ಮಣಿಕಟ್ಟು ಮತ್ತೆ ಬಾತುಕೊಂಡಿತು. ನಿನ್ನ ಆಯ್ಕೆಯನ್ನೇ ಮತ್ತೆ ಎದುರಿಗಿಟ್ಟುಕೊಂಡೆ. ನನ್ನನ್ನು ಹೆಚ್ಚು ನೋಯಿಸುವುದು ಇದೇ, ಸೌಮ್ಯ. ನೀನು ಕೆಟ್ಟದ್ದನ್ನು ಕೊಡಿಸಿದ್ದರೆ ಕಿಟಕಿಯಿಂದ ಎಸೆದು ಹಗುರಾಗುತ್ತಿದ್ದೆ. ನೀನು ಕೊಡಿಸಿದ್ದು ಒಳ್ಳೆಯದು. ಮೋಸ ಇಷ್ಟು ಹಿತವಾಗಿರಬಾರದು.

ನಿನ್ನೆ ನಿನ್ನ ಸಂದೇಶ ಬಂತು. "ಲತಕ್ಕ, ನಿಮ್ ಕೈ ಇನ್ ಎಷ್ಟ್ ದಿನ ಬತ್ತ್? ಬೈಂದೂರಿಗೆ ಬನ್ನಿ. ಫೋನ್ ಬರೀತ್, ನೀವ್ ಕೂಕಂಡ್ ತಿದ್ದಿರೆ ಸಾಕ್." ನನ್ನ ಕೈ ಬಿದ್ದುಹೋದ ದಿನ ನಿನ್ನ ಅನ್ನವೂ ಹೋಗುತ್ತದೆಂದು ಹೆದರಿದ್ದೀಯೆ, ಅದು ನನಗೆ ಅರ್ಥವಾಗುತ್ತದೆ. ಹೆದರಿದ್ದು ತಪ್ಪಲ್ಲ. ನನಗೆ ಹೇಳಿದ್ದರೆ ಆ ಫೋನನ್ನು ನಾನೇ ಮೇಜಿನ ನಡುವೆ ಮಣೆ ಹಾಕಿ ಕೂರಿಸಿ ಊದುಬತ್ತಿ ಹಚ್ಚುತ್ತಿದ್ದೆ. ಮಾತು ತಾನೇ ಬರೆದುಕೊಳ್ಳುವ ಕಾಲ ಬಂದರೆ ಬರಲಿ. ನೀನು ನನ್ನ ಮುಖವನ್ನು ಕಂಡುಕಂಡು, ಒಂಬತ್ತು ತಿಂಗಳು, ಹೇಳದೆ ಇದ್ದೆಯಲ್ಲ.

ನಾನು ಬೈಂದೂರಿಗೆ ಬರುವುದಿಲ್ಲ. ನಮ್ಮ ಪಾಲುದಾರಿಕೆಯ ರದ್ದತಿ ಪತ್ರವನ್ನು ನಾನೇ ಬರೆದು ನಾನೇ ಟೈಪು ಮಾಡಿದ್ದೇನೆ. ಶ್ರೀಶ್ರೀಯಲ್ಲಿ ಒಂದು ಶ್ರೀ ನಿನಗೆ, ಒಂದು ನನಗೆ. ಆ ಕೋಣೆಯಲ್ಲಿ ಆಡಿದ ನನ್ನ ಮಾತುಗಳೆಲ್ಲವನ್ನೂ, ಕಕ್ಷಿದಾರರ ಕಾಗದಗಳೆಲ್ಲವನ್ನೂ ನಿನ್ನ ಫೋನಿನಿಂದ ನನ್ನ ಕಣ್ಣೆದುರು ಅಳಿಸಬೇಕೆಂಬುದು ಮೂರನೆಯ ಷರತ್ತು. ಗುರುವಾರ ಹನ್ನೊಂದಕ್ಕೆ ಬಾ. ಸಹಿಗೆ ಮುಂಚೆ ಪತ್ರವನ್ನು ಓದಿ ಹೇಳುವ ಕ್ರಮ ಉಂಟಲ್ಲ, ಆ ದಿನ ಓದುವುದು ನಾನು. ನಾನು ತಡವರಿಸಿದರೆ ಕಾಯು. ನೀನು ಕೈ ಖಾಲಿ ಇಟ್ಟುಕೊಂಡು, ನಿನ್ನದೇ ಕಿವಿಯಿಂದ ಕೇಳು.

ನಿನ್ನ ಅಂಗಡಿಗೆ ಜನ ಬರಲಿ, ನಿನ್ನ ಗಂಟಲಿಗೆ ನನ್ನ ಮಣಿಕಟ್ಟಿನ ಗತಿ ಬಾರದಿರಲಿ ಎಂದು ಹಾರೈಸುವ,

ಶ್ರೀಲತಾ
(ಅಕ್ಕ ಎನ್ನುವುದು ನಿನಗೆ ಬಿಟ್ಟದ್ದು)